ಕಿವಿಯ ಮಷಿನ್‌ಗೆ ಅಳತೆ ಕೂಡಿಸುವುದು



ನಾರಾಯಣಪುರದ ಸಂಘದ ಸಭೆಯಲ್ಲಿ ಒಬ್ಬ ತಾಯಿ ನಮ್ಮನ್ನು ಕೇಳಿದರು: "ಸಿಸ್ಟರ್, ಮಗಳ ಕಿವಿಗೆ ಆಪರೇಶನ್ ಮಾಡಿಸಿ ಮಷಿನ್ ಹಾಕಿಸೀವ್ರಿ. ಹಾಕಿದ್ರ ಅಳ್ತಾಳ, ಕಿತ್ತಿ ಒಗಿತಾಳ. ಮಷಿನ್ ಕೆಟ್ಟದೇನ್ರಿ?" ವಿಚಾರಿಸಿದೆವು. ಮಷಿನ್ ಕೆಟ್ಟಿರಲಿಲ್ಲ. ಅಳತೆ ಕೂಡಿಸಲು ಎರಡು ಸಲ ಕರೆದಿದ್ದರು, ಹತ್ತಿ ಬಿಡಿಸುವ ಕಾಲ ಅಂತ ಇವರು ಹೋಗಿರಲಿಲ್ಲ. ಲಕ್ಷಗಟ್ಟಲೆ ಬೆಲೆಯ ಮಷಿನ್ ಟ್ರಂಕಿನಲ್ಲಿ ಕೂತಿತ್ತು.

ಇದಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಅನ್ನುತ್ತಾರೆ. ಸಾಮಾನ್ಯ ಕಿವಿ ಮಷಿನ್ ಶಬ್ದವನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಇದು ಶಬ್ದವನ್ನು ಸಣ್ಣ ಕರೆಂಟು ಮಾಡಿ ನೇರವಾಗಿ ಕೇಳುವ ನರಕ್ಕೆ ಮುಟ್ಟಿಸುತ್ತದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಭಾಗವಿದೆ. ಅದರೊಳಗೆ ಸಣ್ಣ ತಂತಿ, ತಂತಿಯ ಮೇಲೆ ಕಂಪನಿಗೆ ತಕ್ಕಂತೆ 12ರಿಂದ 22 ಬಿಂದುಗಳು. ನಮ್ಮ ಎಡದಂಡೆ ಕಾಲುವೆಗೆ ತೂಬುಗಳಿವೆಯಲ್ಲ, ಹಾಗೆ. ಚಿಪ್ಪಿನ ಬಾಯಿ ಹತ್ತಿರದ ಬಿಂದುಗಳು ಕೀಚಲು ದನಿಗೆ, ಒಳಗಿನವು ದಪ್ಪ ದನಿಗೆ.

ಪ್ರತಿ ತೂಬನ್ನು ಎಷ್ಟು ತೆರೆಯಬೇಕು? ಕಡಿಮೆಯಾದರೆ ಮಾತು ಕೇಳುವುದಿಲ್ಲ, ಹೆಚ್ಚಾದರೆ ಮಗು ಬೆಚ್ಚಿ ಅಳುತ್ತದೆ. ಒಂದು ಮಗುವಿನ ಅಳತೆ ಇನ್ನೊಂದಕ್ಕೆ ಆಗಿಬರುವುದಿಲ್ಲ. ಇದನ್ನು ಹೊಂದಿಸುವ ಕೆಲಸಕ್ಕೆ ಮ್ಯಾಪಿಂಗ್ ಎಂದು ಹೆಸರು. ಎರಡು ವರ್ಷದ ಕೂಸು "ಜೋರಾಯ್ತು" ಅಂತ ಹೇಳೀತೇ? ಶ್ರವಣ ತಜ್ಞರು ಆಟ ಆಡಿಸುತ್ತಾ ಅದರ ಕಣ್ಣು, ಮುಖ ನೋಡಿ ತಿಳಿಯಬೇಕು. ನರ ಕೊಡುವ ಉತ್ತರವನ್ನು ಮಷಿನ್ ಕೂಡ ಅಳೆದು ತೋರಿಸುತ್ತದೆ. ಆಪರೇಶನ್ ಆದ ಮೇಲೆ ತಂತಿಯ ಸುತ್ತ ಮಾಂಸ ಕೂಡಿಕೊಳ್ಳುವುದರಿಂದ ಅಳತೆ ಬದಲಾಗುತ್ತದೆ. ಮೊದಲ ವರ್ಷ ಮತ್ತೆ ಮತ್ತೆ ಕರೆಯುವುದು ಅದಕ್ಕೇ, ಸುಮ್ಮನೆ ತಿರುಗಾಡಿಸಲು ಅಲ್ಲ.

ಈ ಕೆಲಸಕ್ಕೆ ಈಗ ಕಂಪ್ಯೂಟರೂ ಕೈಜೋಡಿಸುತ್ತಿದೆ. ಸಾವಿರ ರೊಟ್ಟಿ ಬಡಿದ ಕೈಗೆ ಹಿಟ್ಟಿನ ಹದ ತಾನಾಗಿ ತಿಳಿಯುತ್ತದಲ್ಲ, ಮೆಷಿನ್ ಲರ್ನಿಂಗ್ ಅಂದರೆ ಹೆಚ್ಚುಕಡಿಮೆ ಅದೇ. ಅನೇಕ ಜನರಿಗೆ ಯಾವ ಅಳತೆ ಇಟ್ಟಾಗ ಎಷ್ಟು ಕೇಳಿಸಿತು ಎಂಬ ಲೆಕ್ಕ ನೋಡಿ ನೋಡಿ ಕಂಪ್ಯೂಟರು ಕಲಿಯುತ್ತದೆ, 'ಇವರಿಗೆ ಈ ತೂಬು ಇಷ್ಟು ಇಟ್ಟು ನೋಡಿ' ಎಂದು ಸೂಚಿಸುತ್ತದೆ. ಬೆಲ್ಜಿಯಂ ದೇಶದ ಆಂಟ್ವೆರ್ಪ್ ಊರಿನ ಡಾ. ಪಾಲ್ ಗೋವಾರ್ಟ್ಸ್ ಅವರ ತಂಡ ಫಾಕ್ಸ್ ಎಂಬ ಇಂಥ ಪ್ರೋಗ್ರಾಂ ತಯಾರಿಸಿದೆ. ಒಪ್ಪುವುದು ಬಿಡುವುದು ತಜ್ಞರ ಕೈಯಲ್ಲೇ ಇರುತ್ತದೆ.

ಆದರೆ ಒಂದು ಮಾತು. ಯಾರ ಲೆಕ್ಕದಿಂದ ಅದು ಕಲಿಯಿತೋ ಅವರಿಗೇ ಚೆನ್ನಾಗಿ ಹೊಂದುತ್ತದೆ. ದೊಡ್ಡವರಿಂದ ಕಲಿತದ್ದು ಕೂಸಿಗೆ ಹೊಂದಲಿಕ್ಕಿಲ್ಲ. ಟ್ರಂಕಿನಲ್ಲಿರುವ ಮಷಿನ್‌ನಿಂದಂತೂ ಯಾವ ಕಂಪ್ಯೂಟರೂ ಏನೂ ಕಲಿಯದು.

ತಾಯಂದಿರು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ದಿನಾ ಬೆಳಿಗ್ಗೆ ಮಷಿನ್ ಹಾಕಿದ ಮೇಲೆ ನಿಮ್ಮ ತುಟಿ ಮಗುವಿಗೆ ಕಾಣದಂತೆ ಕೂತು ಆರು ಶಬ್ದ ಹೇಳಿ: ಆ, ಊ, ಈ, ಮ್, ಶ್, ಸ್. ದಪ್ಪದಿಂದ ಕೀಚಲಿನವರೆಗೆ ಮಾತಿನ ಎಲ್ಲ ದನಿಗಳೂ ಇವುಗಳಲ್ಲಿ ಬರುತ್ತವೆ. ಮಗು ಯಾವುದಕ್ಕೆ ತಿರುಗಿತು, ಯಾವುದಕ್ಕೆ ಇಲ್ಲ, ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ಯಾವ ತೂಬು ಮುಚ್ಚಿದೆ ಎಂದು ತಜ್ಞರಿಗೆ ಸುಳಿವು ಸಿಗುವುದು ಇದರಿಂದಲೇ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮ್ಯಾಪಿಂಗ್ ಮಾಡುತ್ತಾರೆ, ಆದರೆ ನಮಗದು ಸುಮಾರು 500 ಕಿ.ಮೀ. ದೂರ. ಹತ್ತಿರದಲ್ಲಿ ಬೇರೆ ಕೇಂದ್ರವಿದೆಯೇ, ಇಂಟರ್‌ನೆಟ್ ಮೂಲಕ ಅಳತೆ ಕೂಡಿಸಲು ನಮ್ಮ ಮಷಿನ್‌ಗೆ ಬರುತ್ತದೆಯೇ ಎಂದು ಆಪರೇಶನ್‌ಗೆ ಮೊದಲೇ ಕೇಳಿಕೊಳ್ಳಿ. ಸಣ್ಣ ಮಕ್ಕಳ ಇಂಪ್ಲಾಂಟ್‌ಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಸಹಾಯವಿದೆ. ವಯಸ್ಸು ಮೀರಿದರೆ ಸಿಗದು, ಮಾತು ಕಲಿಯುವ ಕಾಲವೂ ಕಾಯದು.

ಆ ತಾಯಿಗೆ ಸಂಘದವರು ಬಸ್ ಖರ್ಚಿಗೆ ಸಾಲ ಕೊಟ್ಟರು. ಅಳತೆ ಸರಿ ಮಾಡಿಸಿ ಬಂದ ಮೇಲೆ ಮಗು ಮಷಿನ್ ಕಿತ್ತಿಲ್ಲ. ನೋಟ್‌ಬುಕ್ಕಿನಲ್ಲಿ ಐದು ಶಬ್ದಗಳಿಗೆ ಗುರುತು ಬಿದ್ದಿದೆ. 'ಸ್' ಇನ್ನೂ ಕೇಳುತ್ತಿಲ್ಲ, ಮುಂದಿನ ತಿಂಗಳು ಮತ್ತೆ ಹೋಗಬೇಕು.