ಬಾಂಬು ಹೊರಲು ಹುಟ್ಟಿ ಬಾನಿಗೆ ದಾರಿಯಾದ ರಾಕೆಟ್

1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಎಂಬ ದೂರಸಂವೇದಿ ಉಪಗ್ರಹ ಅಂದಿನ ಸೋವಿಯತ್ ಒಕ್ಕೂಟದ ಬೈಕನೂರ್ ನೆಲೆಯಿಂದ ಅಂತರಿಕ್ಷಕ್ಕೆ ಏರಿತು. ಅದು ತಯಾರಾದದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ. ನಾಡಿನ ಬೆಳೆ, ಕಾಡು, ಕೆರೆ, ಬಂಜರು ಭೂಮಿಗಳ ಚಿತ್ರವನ್ನು ಮೇಲಿನಿಂದ ತೆಗೆದು ಕಳಿಸುವುದು ಅದರ ಕೆಲಸ. ತೂಕ 975 ಕಿಲೋಗ್ರಾಂ. ಅಷ್ಟು ಭಾರ ಎತ್ತಬಲ್ಲ ವಾಹನ ಆಗ ನಮ್ಮಲ್ಲಿರಲಿಲ್ಲ. ನಮ್ಮ ಎಎಸ್‌ಎಲ್‌ವಿ 150 ಕಿಲೋ ಹೊರಲೆಂದು ರೂಪಿಸಿದ್ದು. 1987ರ ಮಾರ್ಚ್‌ನಲ್ಲಿ ನಡೆದ ಅದರ ಮೊದಲ ಉಡಾವಣೆ ವಿಫಲವಾಗಿತ್ತು. ಹಾಗಾಗಿ ಸೋವಿಯತ್ತರ ವೋಸ್ತೋಕ್ ರಾಕೆಟ್ಟನ್ನು ಆಶ್ರಯಿಸಬೇಕಾಯಿತು.

ಹೊಲಗದ್ದೆಗಳ ಮೇಲೆ ಕಣ್ಣಿಡುವ ಉಪಗ್ರಹವನ್ನು ಹೊತ್ತ ಆ ರಾಕೆಟ್ಟಿನ ಹುಟ್ಟು ಮಾತ್ರ ಬೇರೆಯೇ ಉದ್ದೇಶದ್ದು. ಅದರ ಮೂಲಪುರುಷ ಆರ್-7 ಎಂಬ ಕ್ಷಿಪಣಿ. ಅಮೆರಿಕದ ಮೇಲೆ ಜಲಜನಕ ಬಾಂಬು ಎಸೆಯಲೆಂದೇ ಅದನ್ನು ಕಟ್ಟಲಾಗಿತ್ತು. ಆ ಕೆಲಸಕ್ಕೆ ಅದು ಸರಿಹೊಂದಲಿಲ್ಲ. ಆದರೆ ಮೊದಲ ಉಪಗ್ರಹವನ್ನೂ ಮೊದಲ ಮಾನವನನ್ನೂ ಅಂತರಿಕ್ಷಕ್ಕೆ ಮುಟ್ಟಿಸಿದ್ದು ಅದೇ. ಅದರ ಸಂತತಿ ಇಂದಿಗೂ ಸೋಯುಜ್ ಎಂಬ ಹೆಸರಿನಲ್ಲಿ ಹಾರುತ್ತಿದೆ. ಈ ವಂಶದ ರಾಕೆಟ್ಟುಗಳು ಇದುವರೆಗೆ 1,900ಕ್ಕೂ ಹೆಚ್ಚು ಬಾರಿ ನೆಲ ಬಿಟ್ಟಿವೆ. ಬೇರಾವ ರಾಕೆಟ್ ಕುಟುಂಬಕ್ಕೂ ಇಷ್ಟು ದೀರ್ಘ ಆಯುಷ್ಯ ದಕ್ಕಿಲ್ಲ.

ಆಯುಧವಾಗಿ ಸೋತದ್ದು ವಾಹನವಾಗಿ ಗೆದ್ದದ್ದು ಹೇಗೆ?

ಬಾಂಬಿಗೂ ಉಪಗ್ರಹಕ್ಕೂ ಒಂದೇ ದಾರಿ

ಬಲೂನಿಗೆ ಗಾಳಿ ಊದಿ ಬಾಯಿ ಕಟ್ಟದೆ ಬಿಟ್ಟರೆ, ಗಾಳಿ ಹೊರಬೀಳುವ ದಿಕ್ಕಿಗೆ ವಿರುದ್ಧವಾಗಿ ಅದು ಹಾರುತ್ತದೆ. ರಾಕೆಟ್ಟಿನ ತತ್ತ್ವವೂ ಇಷ್ಟೇ. ವಿಮಾನದ ಎಂಜಿನ್ ಸುತ್ತಲಿನ ಗಾಳಿಯಿಂದ ಆಮ್ಲಜನಕ ಪಡೆದು ಇಂಧನ ಉರಿಸುತ್ತದೆ. ಗಾಳಿಯೇ ಇಲ್ಲದೆಡೆಗೆ ಹೋಗಬೇಕಾದ ರಾಕೆಟ್ ಇಂಧನದ ಜತೆಗೆ ಆಮ್ಲಜನಕವನ್ನೂ ಹೊತ್ತೊಯ್ಯಬೇಕು. ದ್ರವರೂಪದ ಇಂಧನ ಮತ್ತು ಆಮ್ಲಜನಕ ಬಳಸಿ ಅಂತರಿಕ್ಷ ತಲುಪಬಹುದೆಂದು ರಷ್ಯದ ಶಾಲಾ ಮೇಷ್ಟರು ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿ 1903ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಖಾಲಿಯಾದ ಭಾಗಗಳನ್ನು ಕಳಚಿ ಬಿಸಾಡುತ್ತ ಹೋದರೆ ಉಳಿದದ್ದು ಹಗುರಾಗಿ ವೇಗ ಏರುತ್ತದೆ ಎಂಬುದನ್ನೂ ಅವರು ಮುಂದೆ ವಿವರಿಸಿದರು.

ಭೂಮಿಯ ಸುತ್ತ ಸುತ್ತಬೇಕಾದ ವಸ್ತುವಿಗೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗ ಬೇಕು. ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಬಾಂಬು ಎಸೆಯಲು ಸೆಕೆಂಡಿಗೆ 7 ಕಿಲೋಮೀಟರ್ ಆಸುಪಾಸಿನ ವೇಗ ಸಾಕು. ಎರಡರ ನಡುವಿನ ಅಂತರ ದೊಡ್ಡದೇನಲ್ಲ. ಖಂಡಾಂತರ ಕ್ಷಿಪಣಿಯ ಹೊರೆಯನ್ನು ತಗ್ಗಿಸಿದರೆ ಉಳಿದ ಶಕ್ತಿಯಿಂದಲೇ ಅದು ಉಪಗ್ರಹ ವಾಹನವಾಗಬಲ್ಲದು. ಅಂತರಿಕ್ಷದ ಕನಸು ಕಂಡವರು ಸೇನೆಯ ಬಾಗಿಲಲ್ಲಿ ನಿಂತದ್ದು ಈ ಕಾರಣಕ್ಕೆ. ಇಷ್ಟು ದುಬಾರಿ ಯಂತ್ರಕ್ಕೆ ಹಣ ಕೊಡುವವರು ಬೇರೆ ಯಾರೂ ಇರಲಿಲ್ಲ.

ಜರ್ಮನಿಯ ವಿ-2 ಇದಕ್ಕೆ ಮೊದಲ ನಿದರ್ಶನ. ವೆರ್ನರ್ ಫಾನ್ ಬ್ರೌನ್ ನೇತೃತ್ವದಲ್ಲಿ ತಯಾರಾದ ಈ ರಾಕೆಟ್ 1944ರ ಸೆಪ್ಟೆಂಬರ್ 8ರಂದು ಲಂಡನ್ ಮೇಲೆ ಬಿತ್ತು. ಅದನ್ನು ತಯಾರಿಸಿದ ನೆಲದಡಿಯ ಕಾರ್ಖಾನೆಯಲ್ಲಿ ದುಡಿದವರು ಸೆರೆಶಿಬಿರದ ಕೈದಿಗಳು. ವಿ-2 ಬಿದ್ದು ಸತ್ತವರಿಗಿಂತ ಅದರ ತಯಾರಿಕೆಯಲ್ಲಿ ಸತ್ತವರೇ ಹೆಚ್ಚು. ಯುದ್ಧ ಮುಗಿದಾಗ ಫಾನ್ ಬ್ರೌನ್ ಅಮೆರಿಕ ಸೇರಿದರು. ಅಳಿದುಳಿದ ವಿ-2 ಭಾಗಗಳನ್ನು ಪರಿಶೀಲಿಸಲು ಸೋವಿಯತ್ ಎಂಜಿನಿಯರುಗಳು ಜರ್ಮನಿಗೆ ಬಂದರು. ಅವರಲ್ಲಿ ಒಬ್ಬರು ಸೆರ್ಗೈ ಕೊರೊಲೆವ್.

ಸೆರೆಮನೆಯಿಂದ ಬಂದ ವಿನ್ಯಾಸಕ

1907ರಲ್ಲಿ ಹುಟ್ಟಿದ ಕೊರೊಲೆವ್ ಯೌವನದಲ್ಲೇ ರಾಕೆಟ್ ಪ್ರಯೋಗಕ್ಕೆ ಇಳಿದವರು. 1938ರಲ್ಲಿ, ಸ್ಟಾಲಿನ್ ಕಾಲದ ಬಂಧನಗಳ ಭರಾಟೆಯಲ್ಲಿ, ಸುಳ್ಳು ಆರೋಪದ ಮೇಲೆ ಸೆರೆಯಾದರು. ವಿಚಾರಣೆಯಲ್ಲಿ ಚಿತ್ರಹಿಂಸೆ ಅನುಭವಿಸಿದರು. ಸೈಬೀರಿಯದಾಚೆಯ ಕೊಲೀಮಾ ಚಿನ್ನದ ಗಣಿಗೆ ದೂಡಲ್ಪಟ್ಟು, ಪೌಷ್ಟಿಕ ಆಹಾರವಿಲ್ಲದೆ ಹಲ್ಲುಗಳನ್ನು ಕಳೆದುಕೊಂಡರು. ಬಳಿಕ ಕೈದಿ ಎಂಜಿನಿಯರುಗಳಿಂದಲೇ ಕೆಲಸ ತೆಗೆಯುವ ವಿನ್ಯಾಸ ಕಚೇರಿಗೆ ವರ್ಗವಾಗಿ, 1944ರಲ್ಲಿ ಬಿಡುಗಡೆ ಕಂಡರು. ತಮ್ಮನ್ನು ಸಾವಿನಂಚಿಗೆ ತಳ್ಳಿದ ಅದೇ ಸರ್ಕಾರಕ್ಕೆ ಅವರು ಮುಂದೆ ಕ್ಷಿಪಣಿ ಕಟ್ಟಿಕೊಟ್ಟರು. ಅವರ ಹೆಸರು ಮಾತ್ರ ರಾಜ್ಯರಹಸ್ಯ. ಪತ್ರಿಕೆಗಳಿಗೆ ಅವರು ಬರೀ ‘ಮುಖ್ಯ ವಿನ್ಯಾಸಕ’. 1966ರ ಜನವರಿಯಲ್ಲಿ ತೀರಿಕೊಂಡ ಮೇಲಷ್ಟೇ ಜನರಿಗೆ ಅವರ ಹೆಸರು ತಿಳಿಯಿತು.

ಆರ್-7ರ ಗಾತ್ರವನ್ನು ನಿರ್ಧರಿಸಿದ್ದು ಅವರಲ್ಲ, ಬಾಂಬಿನ ತೂಕ. 1953ರಲ್ಲಿ ಯುವ ಭೌತವಿಜ್ಞಾನಿ ಆಂದ್ರೇ ಸಖರೋವ್ ಅವರನ್ನು ಮುಂದಿನ ಜಲಜನಕ ಬಾಂಬು ಹೇಗಿರಬಹುದೆಂದು ಮೇಲಿನವರು ಕೇಳಿದರು. ಅವರು ಒಂದು ಅಂದಾಜು ಬರೆದುಕೊಟ್ಟರು. ಅದರ ಆಧಾರದ ಮೇಲೆ ರಾಕೆಟ್ಟು ಹೊರಬೇಕಾದ ಸಿಡಿತಲೆಯ ಭಾರ 3 ಟನ್‌ನಿಂದ ಸುಮಾರು ಐದೂವರೆ ಟನ್‌ಗೆ ಏರಿತು. ಸಖರೋವ್ ಊಹಿಸಿದ ಆ ಬಾಂಬು ಕೊನೆಗೂ ತಯಾರಾಗಲಿಲ್ಲ. ಅದಕ್ಕೆಂದು ಹಾಕಿದ ಅಳತೆಯ ರಾಕೆಟ್ ಮಾತ್ರ ಉಳಿದುಕೊಂಡಿತು.

ಅಮೆರಿಕದವರು ಇಷ್ಟರಲ್ಲಿ ಹಗುರವಾದ ಬಾಂಬು ಮಾಡಲು ಕಲಿತಿದ್ದರು. ಅವರ ಅಟ್ಲಾಸ್ ಕ್ಷಿಪಣಿ ಚಿಕ್ಕದಾದರೂ ನಡೆಯುತ್ತಿತ್ತು. ಇದರ ಫಲ ಮುಂದೆ ಕಾಣಿಸಿತು. 1961ರಲ್ಲಿ ಯೂರಿ ಗಗಾರಿನ್ ಕೂತ ವೋಸ್ತೋಕ್ ನೌಕೆ 4.7 ಟನ್ ತೂಗುತ್ತಿತ್ತು. ಮರುವರ್ಷ ಅಟ್ಲಾಸ್ ಮೇಲೆ ಹೋದ ಜಾನ್ ಗ್ಲೆನ್ ಅವರ ನೌಕೆ ಒಂದೂವರೆ ಟನ್ ಕೂಡ ಇರಲಿಲ್ಲ. ಬಾಂಬು ತಯಾರಿಕೆಯಲ್ಲಿ ಹಿಂದಿದ್ದದ್ದೇ ಅಂತರಿಕ್ಷದ ಓಟದಲ್ಲಿ ಸೋವಿಯತ್ತರಿಗೆ ಲಾಭವಾಯಿತು.

ಮರದ ಕಡ್ಡಿಯಿಂದ ಬೆಂಕಿ

ಸುಮಾರು 280 ಟನ್ ತೂಕದ ಯಂತ್ರವನ್ನು ಎತ್ತುವಷ್ಟು ದೊಡ್ಡ ಎಂಜಿನ್ ಆಗ ಇರಲಿಲ್ಲ. ದೊಡ್ಡ ದಹನಕೋಶದಲ್ಲಿ ಜ್ವಾಲೆ ಹೊಯ್ದಾಡಿ ಎಂಜಿನ್ನನ್ನೇ ಒಡೆದುಹಾಕುತ್ತಿತ್ತು. ಎಂಜಿನ್ ವಿನ್ಯಾಸಕ ವ್ಯಾಲೆಂಟಿನ್ ಗ್ಲುಷ್ಕೋ ಇದಕ್ಕೆ ಸುಲಭ ಉಪಾಯ ಕಂಡುಕೊಂಡರು. ಒಂದು ದೊಡ್ಡ ಕೋಶದ ಬದಲು ನಾಲ್ಕು ಚಿಕ್ಕ ಕೋಶ. ನಾಲ್ಕಕ್ಕೂ ಇಂಧನ ಒದಗಿಸಲು ಒಂದೇ ಪಂಪು. ನಡುವಿನ ಕಂಬದಂಥ ಭಾಗಕ್ಕೆ ಇಂಥ ಒಂದು ಎಂಜಿನ್, ಅದರ ಸುತ್ತ ಕಟ್ಟಿದ ಕ್ಯಾರೆಟ್ಟಿನಾಕಾರದ ನಾಲ್ಕು ಭಾಗಗಳಿಗೆ ಒಂದೊಂದು. ಹೀಗೆ ಐದು ಎಂಜಿನ್, ಇಪ್ಪತ್ತು ಮುಖ್ಯ ಕೊಳವೆ. ದಿಕ್ಕು ತಿದ್ದಲು ಇನ್ನೂ ಹನ್ನೆರಡು ಚಿಕ್ಕವು.

ಹಾರಾಟದ ನಡುವೆ, ಎತ್ತರದಲ್ಲಿ, ಎಂಜಿನ್ ಹೊತ್ತಿಕೊಳ್ಳುತ್ತದೆಂಬ ಭರವಸೆ ಆಗ ಯಾರಿಗೂ ಇರಲಿಲ್ಲ. ಆದ್ದರಿಂದ ಐದನ್ನೂ ನೆಲದ ಮೇಲೆಯೇ ಹೊತ್ತಿಸುವ ಏರ್ಪಾಡು. ಹೊತ್ತಿಸುವ ವಿಧಾನವಂತೂ ನಮ್ಮ ಒಲೆಯನ್ನು ನೆನಪಿಸುತ್ತದೆ. ಬರ್ಚ್ ಮರದ ಕಡ್ಡಿಗೆ ಮದ್ದಿನ ತುಂಡು ಕಟ್ಟಿ ಪ್ರತಿ ಕೋಶದೊಳಗೂ ತೂರಿಸುತ್ತಾರೆ. ವಿದ್ಯುತ್ ಹರಿದೊಡನೆ ಕಡ್ಡಿ ಹೊತ್ತಿ, ಬೆಂಕಿ ಎಲ್ಲ ಕಡೆ ಸರಿಯಾಗಿ ಹಿಡಿದಿದೆಯೆಂದು ಖಾತರಿಯಾದ ಮೇಲೆಯೇ ಸೀಮೆಎಣ್ಣೆ, ದ್ರವ ಆಮ್ಲಜನಕಗಳ ಕವಾಟ ತೆರೆಯುತ್ತದೆ. ಈ ಭಾರೀ ಬೆಂಕಿಕಡ್ಡಿಯ ಪದ್ಧತಿ ಸೋಯುಜ್ ಕಾಲದವರೆಗೂ ನಡೆದುಬಂತು.

ಮೊದಲ ಪ್ರಯತ್ನಗಳು ಕೈಕೊಟ್ಟವು. 1957ರ ಮೇ 15ರಂದು ಪಕ್ಕದ ಒಂದು ಭಾಗಕ್ಕೆ ಬೆಂಕಿ ಬಿದ್ದು ರಾಕೆಟ್ ನಾಶವಾಯಿತು. ಜೂನ್‌ನಲ್ಲಿ ಇನ್ನೊಂದು ನೆಲ ಬಿಟ್ಟು ಏಳಲೇ ಇಲ್ಲ. ಜುಲೈ 12ರಂದು ಹೊರಟದ್ದು ಅರ್ಧ ನಿಮಿಷದಲ್ಲಿ ಚೂರಾಯಿತು. ಆಗಸ್ಟ್ 21ರಂದು ಕೊನೆಗೂ ರಾಕೆಟ್ ಸಾವಿರಾರು ಕಿಲೋಮೀಟರ್ ದಾಟಿ ಕಮ್‌ಚಾಟ್ಕಾ ತಲುಪಿತು. ಆದರೆ ಅದು ಹೊತ್ತಿದ್ದ ನಕಲಿ ಸಿಡಿತಲೆ ವಾಯುಮಂಡಲಕ್ಕೆ ಮರಳುವಾಗ ಕಾವಿಗೆ ಸಿಕ್ಕಿ ಛಿದ್ರವಾಯಿತು. ಅದನ್ನು ಸರಿಪಡಿಸಲು ತಿಂಗಳುಗಳು ಬೇಕಿದ್ದವು.

ಈ ಬಿಡುವೇ ಕೊರೊಲೆವ್‌ಗೆ ಸಿಕ್ಕ ಅವಕಾಶ. ಉಪಗ್ರಹ ಕೆಳಗಿಳಿದು ಬರಬೇಕಾಗಿಲ್ಲ, ಕಾವಿನ ಚಿಂತೆಯಿಲ್ಲ. 1957ರ ಅಕ್ಟೋಬರ್ 4ರಂದು 83.6 ಕಿಲೋಗ್ರಾಂ ತೂಕದ ಸ್ಪುಟ್ನಿಕ್ ಕಕ್ಷೆ ಸೇರಿತು. ನಾಲ್ಕು ತಿಂಗಳಾದ ಮೇಲೆ ಅಮೆರಿಕ ಹಾರಿಸಿದ ಮೊದಲ ಉಪಗ್ರಹದ ತೂಕ 14 ಕಿಲೋಗ್ರಾಂ.

ಯುದ್ಧಕ್ಕೆ ಒದಗದ ಆಯುಧ

ದ್ರವ ಆಮ್ಲಜನಕ ಸೊನ್ನೆಗಿಂತ 183 ಡಿಗ್ರಿ ಕೆಳಗೆ ಕುದಿಯುತ್ತದೆ. ತೊಟ್ಟಿಗೆ ತುಂಬಿದ ಗಳಿಗೆಯಿಂದಲೇ ಆವಿಯಾಗತೊಡಗುತ್ತದೆ. ಆದ್ದರಿಂದ ಆರ್-7ನ್ನು ಇಂಧನ ತುಂಬಿ ದಿನಗಟ್ಟಲೆ ಸಜ್ಜಾಗಿಡುವಂತಿರಲಿಲ್ಲ. ಹಾರಿಸಬೇಕೆಂದರೆ ಗಂಟೆಗಟ್ಟಲೆ ತಯಾರಿ. ಉಡಾವಣಾ ಕಟ್ಟೆಗಳು ಬೃಹದಾಕಾರದವು. ಮೇಲಿನಿಂದ ಫೋಟೋ ತೆಗೆಯುವ ಗೂಢಚಾರ ವಿಮಾನಕ್ಕೆ ಅಡಗಿಸುವಂತಿರಲಿಲ್ಲ. ಶತ್ರು ಅರ್ಧ ಗಂಟೆಯಲ್ಲಿ ಹೊಡೆಯಬಲ್ಲನೆಂಬ ಕಾಲಕ್ಕೆ ಇಂಥ ಆಯುಧ ಒದಗದು. ಬೆರಳೆಣಿಕೆಯ ಕಟ್ಟೆಗಳಲ್ಲಿ ಕೆಲವು ವರ್ಷ ಇದ್ದ ಆರ್-7, 1968ರ ಹೊತ್ತಿಗೆ ಸೇನೆಯಿಂದ ನಿವೃತ್ತಿಯಾಯಿತು.

ಆದರೂ ಅದರ ಹಳೆಯ ಉದ್ದೇಶ ಒಮ್ಮೆ ತಲೆಯೆತ್ತಿದ್ದುಂಟು. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾ ಬಿಕ್ಕಟ್ಟು ತಾರಕಕ್ಕೇರಿದಾಗ ಬೈಕನೂರ್‌ನಲ್ಲಿ ಮಂಗಳ ಗ್ರಹಕ್ಕೆ ಹೊರಡಲು ಒಂದು ರಾಕೆಟ್ ಸಿದ್ಧವಾಗುತ್ತಿತ್ತು. ಅದನ್ನು ಬದಿಗೆ ಸರಿಸಿ, ಸೈನಿಕರು ಸಿಡಿತಲೆ ಹೊತ್ತ ಆರ್-7ನ್ನು ಅಣಿಗೊಳಿಸತೊಡಗಿದರೆಂದು ಕೊರೊಲೆವ್ ಸಹೋದ್ಯೋಗಿ ಬೋರಿಸ್ ಚೆರ್ಟೊಕ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಬಿಕ್ಕಟ್ಟು ಶಮನವಾಯಿತು. ನವೆಂಬರ್ 1ರಂದು ಮಂಗಳದ ನೌಕೆ ಹೊರಟಿತು. ಒಂದೇ ವಂಶದ ಎರಡು ರಾಕೆಟ್ಟು. ಯಾವುದು ಹಾರಬೇಕೆಂದು ತೀರ್ಮಾನಿಸಿದವರು ಎಲ್ಲೋ ದೂರದಲ್ಲಿದ್ದ ರಾಜಕಾರಣಿಗಳು.

ಪ್ರಾಣದ ಬೆಲೆ

ಅಂತರಿಕ್ಷ ವಾಹನವಾಗಿಯೂ ಇದರ ಚರಿತ್ರೆ ಕಳಂಕರಹಿತವಲ್ಲ. 1980ರ ಮಾರ್ಚ್ 18ರಂದು ಪ್ಲೆಸೆಟ್ಸ್ಕ್ ನೆಲೆಯಲ್ಲಿ ಇಂಧನ ತುಂಬುವಾಗ ವೋಸ್ತೋಕ್ ರಾಕೆಟ್ ಸಿಡಿದು 48 ಮಂದಿ ಸತ್ತರು. ತಪ್ಪು ಕೆಲಸಗಾರರದ್ದೇ ಎಂದು ಮೊದಲು ಷರಾ ಬರೆಯಲಾಯಿತು. ಮರುವರ್ಷ ಅಂಥದೇ ಇನ್ನೊಂದು ಅವಘಡ ಕೂದಲೆಳೆಯಲ್ಲಿ ತಪ್ಪಿದಾಗ ನಿಜಕಾರಣ ತಿಳಿಯಿತು. ಹೈಡ್ರೋಜನ್ ಪೆರಾಕ್ಸೈಡ್ ಸೋಸುವ ಭಾಗದಲ್ಲಿ ಬಳಸಿದ್ದ ಬೆಸುಗೆಯ ಲೋಹವೇ ಸ್ಫೋಟಕ್ಕೆ ಇಂಬಾಗಿತ್ತು. ದುರಂತದ ಸುದ್ದಿ ಮಾತ್ರ ವರ್ಷಗಳ ಕಾಲ ಹೊರಬೀಳಲಿಲ್ಲ.

ಗಗನಯಾತ್ರಿಗಳನ್ನು ಹೊತ್ತಾಗ ಮೂರು ಬಾರಿ, 1975, 1983 ಮತ್ತು 2018ರಲ್ಲಿ, ಸೋಯುಜ್ ರಾಕೆಟ್ ಕೈಕೊಟ್ಟಿದೆ. ಮೂರು ಬಾರಿಯೂ ಒಳಗಿದ್ದವರು ಬದುಕಿ ಬಂದಿದ್ದಾರೆ. 1983ರ ಸೆಪ್ಟೆಂಬರ್ 26ರ ಪ್ರಸಂಗ ರೋಮಾಂಚಕ. ಕಟ್ಟೆಯ ಮೇಲೆಯೇ ರಾಕೆಟ್ಟಿಗೆ ಬೆಂಕಿ ಹೊತ್ತಿತು. ಸ್ಫೋಟಕ್ಕೆ ಕೆಲವೇ ಸೆಕೆಂಡು ಮೊದಲು ತುದಿಯಲ್ಲಿದ್ದ ಪಾರುಗಾಣಿಕೆ ರಾಕೆಟ್ ಉರಿದು, ನೌಕೆಯನ್ನು ಕಿತ್ತು ಹಲವು ಕಿಲೋಮೀಟರ್ ದೂರಕ್ಕೆ ಒಯ್ದಿತು. ಅದರೊಳಗಿದ್ದವರು ವ್ಲಾಡಿಮಿರ್ ಟಿಟೋವ್ ಮತ್ತು ಗೆನ್ನಾಡಿ ಸ್ಟ್ರೆಕಲೋವ್.

ಅದೇ ಸ್ಟ್ರೆಕಲೋವ್ ಆರು ತಿಂಗಳು ಕಳೆದ ಮೇಲೆ ಮತ್ತೆ ಸೋಯುಜ್ ಏರಿದರು. ಅದು 1984ರ ಏಪ್ರಿಲ್ 3. ಪಕ್ಕದಲ್ಲಿ ನಾಯಕ ಯೂರಿ ಮಾಲಿಷೆವ್ ಮತ್ತು ನಮ್ಮ ರಾಕೇಶ್ ಶರ್ಮಾ. ಭಾರತದ ಮೊದಲ ಗಗನಯಾತ್ರಿ ಯಾವ ಅಪಾಯದ ಅರಿವಿನೊಂದಿಗೆ ಮೇಲೇರಿದರೆಂಬುದು ಇದರಿಂದ ತಿಳಿಯುತ್ತದೆ.

ನಮ್ಮಲ್ಲಿ ದಿಕ್ಕು ಬದಲು

ಐಆರ್‌ಎಸ್-1ಎ ನಂತರ ಐಆರ್‌ಎಸ್-1ಬಿಯನ್ನೂ ವೋಸ್ತೋಕೇ ಹೊತ್ತಿತು. 1991ರ ಆಗಸ್ಟ್ 29ರಂದು ನಡೆದ ಆ ಉಡಾವಣೆ ವೋಸ್ತೋಕ್ ರಾಕೆಟ್ಟಿನ ಕೊನೆಯ ಯಾನವೂ ಆಯಿತು. ವರ್ಷ ಮುಗಿಯುವ ಮೊದಲೇ ಸೋವಿಯತ್ ಒಕ್ಕೂಟವೂ ಇಲ್ಲವಾಯಿತು. 1995ರ ಡಿಸೆಂಬರ್ 28ರಂದು ಐಆರ್‌ಎಸ್-1ಸಿಯನ್ನು ಎತ್ತಿದ್ದು ಅದೇ ವಂಶದ ಮೊಲ್ನಿಯಾ. 1997ರ ಸೆಪ್ಟೆಂಬರ್‌ನಲ್ಲಿ ಐಆರ್‌ಎಸ್-1ಡಿ ಹೊರಟದ್ದು ಶ್ರೀಹರಿಕೋಟಾದಿಂದ, ನಮ್ಮದೇ ಪಿಎಸ್‌ಎಲ್‌ವಿ ಮೇಲೆ.

ಭಾರತದ ರಾಕೆಟ್ಟುಗಳು ಕ್ಷಿಪಣಿಯಿಂದ ಹುಟ್ಟಿದವಲ್ಲ. ತುಂಬಾದಲ್ಲಿ ವಾಯುಮಂಡಲದ ಅಧ್ಯಯನಕ್ಕೆ ಹಾರಿಸಿದ ಚಿಕ್ಕ ರಾಕೆಟ್ಟುಗಳಿಂದ ಆರಂಭವಾದ ಕೆಲಸ 1980ರ ಜುಲೈ 18ರಂದು ಎಸ್‌ಎಲ್‌ವಿ-3ರ ಯಶಸ್ಸಿಗೆ ಮುಟ್ಟಿತು. ಅದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಒಂಬತ್ತು ವರ್ಷಗಳ ತರುವಾಯ, 1989ರ ಮೇ 22ರಂದು, ಅಗ್ನಿ ಕ್ಷಿಪಣಿಯ ಮೊದಲ ಪರೀಕ್ಷೆ ನಡೆಯಿತು. ಅದರ ಮೊದಲ ಹಂತವಾಗಿದ್ದದ್ದು ಎಸ್‌ಎಲ್‌ವಿ-3ರ ಘನ ಇಂಧನದ ಮೋಟಾರು. ಇಲ್ಲಿ ಘನ ಇಂಧನವೆಂಬುದೂ ಮುಖ್ಯ. ಅದು ಆವಿಯಾಗುವುದಿಲ್ಲ, ತುಂಬಿಟ್ಟರೆ ವರ್ಷಗಟ್ಟಲೆ ಸಜ್ಜಾಗಿರುತ್ತದೆ. ಆರ್-7ಕ್ಕೆ ಇಲ್ಲದಿದ್ದ ಗುಣ ಇದೇ.

ಅಲ್ಲಿ ಕ್ಷಿಪಣಿಯು ಉಪಗ್ರಹ ವಾಹನವಾಯಿತು, ಇಲ್ಲಿ ಉಪಗ್ರಹ ವಾಹನದ ಭಾಗ ಕ್ಷಿಪಣಿಗೆ ಸಂದಿತು. ಎರಡು ದಾರಿಗಳ ನಡುವೆ ಗೋಡೆ ಎಂದೂ ಇರಲಿಲ್ಲ. ರಾಕೆಟ್ ತಂತ್ರಜ್ಞಾನವನ್ನು ಕೊಡಲು ದೇಶಗಳು ಇಂದಿಗೂ ಹಿಂದೆಮುಂದೆ ನೋಡುವುದು, ನಾವು ಕೆಲವು ಎಂಜಿನ್ನುಗಳನ್ನು ಬೆವರು ಸುರಿಸಿ ಇಲ್ಲೇ ಕಟ್ಟಿಕೊಳ್ಳಬೇಕಾಗಿ ಬಂದದ್ದು ಈ ಕಾರಣಕ್ಕೇ. ಲೋಹಕ್ಕೂ ಇಂಧನಕ್ಕೂ ತುದಿಯಲ್ಲಿ ಏನಿದೆಯೆಂಬುದು ತಿಳಿಯದು. ಅಲ್ಲಿ ಬಾಂಬಿಡಬೇಕೋ, ಬೆಳೆಯ ಲೆಕ್ಕ ತೆಗೆಯುವ ಕ್ಯಾಮೆರಾ ಇಡಬೇಕೋ ಎಂಬುದನ್ನು ಪ್ರತಿ ಬಾರಿಯೂ ಮನುಷ್ಯರೇ ತೀರ್ಮಾನಿಸಬೇಕು.