ಹಳೆಯ ಕಾರಿನ ಫ್ಯಾನು ತಿರುಗದಿದ್ದಾಗ

ಕಾರಿನ ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಗಳನ್ನು ಉರುಳಿಸಲು ವಿನಿಯೋಗವಾಗುವುದು ಸುಮಾರು ಕಾಲು ಭಾಗ ಮಾತ್ರ. ಉಳಿದುದರಲ್ಲಿ ಒಂದು ಪಾಲು ಹೊಗೆಕೊಳವೆಯ ಮೂಲಕ ಹೊರಬೀಳುತ್ತದೆ. ಮತ್ತೊಂದು ದೊಡ್ಡ ಪಾಲು ಸಿಲಿಂಡರುಗಳನ್ನು ಸುತ್ತುವರಿದ ನೀರಿಗೆ ಸೇರುತ್ತದೆ. ಆ ನೀರು ರೇಡಿಯೇಟರಿನ ಸಪೂರ ನಳಿಗೆಗಳಲ್ಲಿ ಹರಿಯುವಾಗ ಗಾಳಿಯು ಅದರ ಶಾಖವನ್ನು ಕೊಂಡೊಯ್ಯಬೇಕು. ಕಾರು ವೇಗವಾಗಿ ಓಡುತ್ತಿದ್ದರೆ ಗಾಳಿ ತಾನಾಗಿಯೇ ಮುಂದಿನಿಂದ ನುಗ್ಗುತ್ತದೆ. ಕಾರು ನಿಂತಿರುವಾಗ, ಅಥವಾ ಶಿರಾಡಿ ಘಾಟಿಯ ಏರಿನಲ್ಲಿ ಲಾರಿಯೊಂದರ ಹಿಂದೆ ತೆವಳುತ್ತಿರುವಾಗ, ಗಾಳಿಯನ್ನು ಎಳೆದು ತರುವ ಹೊಣೆ ಫ್ಯಾನಿನದು.

ಎಂಜಿನ್ ಕಾದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ: ಶಾಖ ಏರಿದ್ದು ಯಾವಾಗ? ಬಯಲು ರಸ್ತೆಯಲ್ಲಿ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಮುಳ್ಳು ಕೆಂಪು ಗೆರೆಯತ್ತ ಸರಿದರೆ ಫ್ಯಾನು ನಿರಪರಾಧಿ. ಆಗ ನೀರಿನ ಕೊರತೆ, ಕಟ್ಟಿಕೊಂಡ ರೇಡಿಯೇಟರ್, ತೆರೆಯದ ಥರ್ಮೋಸ್ಟಾಟ್, ಸವೆದ ನೀರಿನ ಪಂಪು, ಇವುಗಳನ್ನು ಶೋಧಿಸಬೇಕು. ಓಡುವಾಗ ತಣ್ಣಗಿದ್ದು, ನಿಂತೊಡನೆ ಕಾಯತೊಡಗಿದರೆ ಮಾತ್ರ ಫ್ಯಾನಿನ ಕಡೆಗೆ ಕೈ ಚಾಚುವುದು ಉಚಿತ. ಈ ಒಂದು ವಿವೇಚನೆಯಿಲ್ಲದೆ ಕೊಂಡ ಹೊಸ ಫ್ಯಾನ್ ಮೋಟಾರುಗಳಿಗೆ ಲೆಕ್ಕವಿರಲಾರದು.

ನಮ್ಮ ಹಿರಿಯ ವಾಚಕರಿಗೆ ಪರಿಚಿತವಾದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಈ ವಿಷಯ ಸರಳವಾಗಿತ್ತು. ಅಲ್ಲಿ ಎಂಜಿನ್ ಕಾರಿನ ಉದ್ದಕ್ಕೆ ಕುಳಿತಿರುತ್ತದೆ. ಮುಂಭಾಗದ ಫ್ಯಾನು ಬೆಲ್ಟಿನಿಂದ ತಿರುಗುತ್ತದೆ. ಅದೇ ಬೆಲ್ಟು ಡೈನಮೋವನ್ನೂ ತಿರುಗಿಸುವುದರಿಂದ, ಶಾಖ ಏರುವುದರ ಜೊತೆಗೆ ಚಾರ್ಜಿನ ಕೆಂಪು ದೀಪವೂ ಹೊತ್ತಿಕೊಂಡರೆ ಬೆಲ್ಟು ಹರಿದಿದೆ ಅಥವಾ ಜಾರುತ್ತಿದೆ ಎಂದು ಬಾನೆಟ್ ಎತ್ತುವ ಮೊದಲೇ ಊಹಿಸಬಹುದು. ಎರಡು ಪುಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಅರ್ಧ ಅಂಗುಲದಷ್ಟು ತಗ್ಗಿದರೆ ಸರಿ. ಎಂಜಿನ್ ನಿಲ್ಲಿಸಿ, ಫ್ಯಾನಿನ ಎಲೆಯನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಸಡಿಲ ಕಂಡರೆ ಪಂಪಿನ ಬೇರಿಂಗು ಮುಗಿಯುತ್ತ ಬಂದಿದೆಯೆಂದರ್ಥ.

ಮಾರುತಿ 800ರ ಕಥೆ ಬೇರೆ. 1983ರ ಡಿಸೆಂಬರ್ 14ರಂದು ಮೊದಲ ಗ್ರಾಹಕರ ಕೈಸೇರಿದ ಈ ಪುಟ್ಟ ಕಾರಿನ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ ಅಡ್ಡಲಾಗಿ ಕುಳಿತಿದೆ. ಅದರ ಪುಲಿಗಳ ತುದಿ ಕಾರಿನ ಪಕ್ಕಕ್ಕೆ ಮುಖಮಾಡಿರುವುದರಿಂದ, ಮುಂದಿರುವ ರೇಡಿಯೇಟರಿನ ಫ್ಯಾನನ್ನು ಬೆಲ್ಟಿನಿಂದ ತಿರುಗಿಸುವುದು ಸುಲಭವಲ್ಲ. ಆದ್ದರಿಂದ ಫ್ಯಾನಿಗೆ ತನ್ನದೇ ವಿದ್ಯುತ್ ಮೋಟಾರು, ಅದಕ್ಕೆ ಅಪ್ಪಣೆ ಕೊಡಲು ನೀರಿನಲ್ಲಿ ಮುಳುಗಿರುವ ಒಂದು ಉಷ್ಣ ಸ್ವಿಚ್ಚು. ಅಂಬಾಸಡರ್ ಮತ್ತು ಮಾರುತಿ 800, ಎರಡರ ತಯಾರಿಕೆಯೂ 2014ರಲ್ಲಿ ನಿಂತಿತಾದರೂ ಎಷ್ಟೋ ಅಂಗಳಗಳಲ್ಲಿ ಅವು ಇನ್ನೂ ಉಸಿರಾಡುತ್ತಿವೆ. ಮುಂದಿನ ಮಾತುಗಳು ಇಂಥ ವಿದ್ಯುತ್ ಫ್ಯಾನಿನ ಹಳೆಯ ಕಾರುಗಳನ್ನು ಕುರಿತವು. ಎಂಜಿನ್ನನ್ನು ಕಂಪ್ಯೂಟರು ನಿಯಂತ್ರಿಸುವ ನಂತರದ ಮಾದರಿಗಳಲ್ಲಿ ತಂತಿಗಳನ್ನು ಹೀಗೆ ಮುಟ್ಟಬಾರದು.

ಎಂಜಿನ್ ತಣ್ಣಗಿರುವಾಗ ಈ ಫ್ಯಾನು ತಿರುಗದಿರುವುದು ದೋಷವಲ್ಲ, ಅದರ ಸ್ವಭಾವ. ನೀರು ಸಾಮಾನ್ಯವಾಗಿ 90ರಿಂದ 100 ಡಿಗ್ರಿ ಸೆಲ್ಸಿಯಸ್ ನಡುವಿನ ಒಂದು ನಿಗದಿತ ಉಷ್ಣತೆಯನ್ನು ಮುಟ್ಟಿದಾಗ ಸ್ವಿಚ್ಚು ಕೂಡಿಕೊಳ್ಳುತ್ತದೆ, ಕೆಲವು ಡಿಗ್ರಿ ಇಳಿದಾಗ ಬಿಟ್ಟುಕೊಳ್ಳುತ್ತದೆ. ನೀರು ಆ ಮಟ್ಟವನ್ನು ದಾಟಿದ ಮೇಲೂ ಫ್ಯಾನು ಸುಮ್ಮನಿದ್ದರೆ ಶೋಧನೆ ಆರಂಭವಾಗಬೇಕು, ಮತ್ತು ಅದು ಮೋಟಾರಿನಿಂದಲ್ಲ, ಅಪ್ಪಣೆ ಕೊಡುವವನಿಂದ ಆರಂಭವಾಗುವುದು ಲೇಸು. ಮೊದಲು ಫ್ಯೂಸನ್ನು ನೋಡಿರಿ. ಅದು ಸರಿಯಿದ್ದರೆ ಇಗ್ನಿಷನ್ ತಿರುಗಿಸಿ, ಉಷ್ಣ ಸ್ವಿಚ್ಚಿನ ತಂತಿಗಳನ್ನು ಕಳಚಿ ಒಂದಕ್ಕೊಂದು ಮುಟ್ಟಿಸಿರಿ. ಒಂದೇ ತಂತಿಯಿರುವ ಕಾರಿನಲ್ಲಿ ಅದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಗುಲಿಸಿರಿ. ಉಷ್ಣಮಾಪಕದ ತಂತಿಯೂ ಅಲ್ಲೇ ಸಮೀಪದಲ್ಲಿರುವುದುಂಟು. ಅದೇ ಇದೆಂದು ಭ್ರಮಿಸಬಾರದು. ಫ್ಯಾನು ತಿರುಗಿತೇ? ಹಾಗಾದರೆ ಮೋಟಾರು, ಫ್ಯೂಸು, ತಂತಿಗಳೆಲ್ಲ ನೆಟ್ಟಗಿವೆ. ಕೆಟ್ಟಿರುವುದು ಸ್ವಿಚ್ಚು, ಇಲ್ಲವೇ ಬಿಸಿನೀರು ಅದನ್ನು ತಲುಪುತ್ತಿಲ್ಲ. ತಿರುಗಲಿಲ್ಲವಾದರೆ ಮೋಟಾರಿನ ಕೂಡುಗೊಂಡಿಯನ್ನು ಬಿಡಿಸಿ, ನಡುವೆ ಒಂದು ಫ್ಯೂಸಿಟ್ಟು, ಬ್ಯಾಟರಿಯಿಂದ ನೇರವಾಗಿ ಎರಡು ತಂತಿ ಕೊಟ್ಟು ನೋಡಬೇಕು. ಈಗ ತಿರುಗಿದರೆ ದೋಷವು ರಿಲೇಯಲ್ಲಿ, ತಂತಿಯಲ್ಲಿ ಅಥವಾ ಅರ್ತಿಂಗಿನಲ್ಲಿದೆ. ಈಗಲೂ ತಿರುಗದಿದ್ದರೆ ಮಾತ್ರ ಮೋಟಾರನ್ನು ದೂರಬೇಕು. ಸ್ಪ್ಯಾನರಿನ ಹಿಡಿಯಿಂದ ಮೆಲ್ಲನೆ ತಟ್ಟಿದಾಗ ಅದು ಎಚ್ಚತ್ತರೆ ಒಳಗಿನ ಕಾರ್ಬನ್ ಬ್ರಷ್ಷುಗಳು ಸವೆದಿವೆ. ಅಂಥ ಮೋಟಾರು ಮತ್ತೊಮ್ಮೆ ಕೈಕೊಡುವುದು ನಿಶ್ಚಯ.

ಈ ಪರೀಕ್ಷೆಯಲ್ಲಿ ಸಣ್ಣದೊಂದು ಮೋಸವಿದೆ. ನಮ್ಮ ಮೆಕ್ಯಾನಿಕರು ತಂತಿಗೆ ಕರೆಂಟು ಬರುತ್ತಿದೆಯೇ ಎಂದು ಪುಟ್ಟ ಬಲ್ಬೊಂದನ್ನು ತಗುಲಿಸಿ ನೋಡುವುದು ವಾಡಿಕೆ. ಬಲ್ಬು ಬೆಳಗಿತೆಂದರೆ ತಂತಿ ಸರಿ, ಮೋಟಾರೇ ಕೆಟ್ಟಿದೆ ಎಂಬ ತೀರ್ಪು ಒಡನೆ ಹೊರಬೀಳುತ್ತದೆ. ಆದರೆ 5 ವ್ಯಾಟಿನ ಬಲ್ಬಿಗೆ ಬೇಕಾಗುವುದು ಅರ್ಧ ಆಂಪಿಯರಿಗಿಂತಲೂ ಕಡಿಮೆ. ಫ್ಯಾನ್ ಮೋಟಾರಿಗೆ ಅದರ ಹತ್ತಾರು ಪಟ್ಟು ಬೇಕು. ಹಸಿರು ಕಿಲುಬು ಹಿಡಿದ ಕೂಡುಗೊಂಡಿಯು ಬಲ್ಬಿಗೆ ಸಾಕಾಗುವಷ್ಟನ್ನು ಹರಿಯಗೊಟ್ಟು ಮೋಟಾರಿಗೆ ಬೇಕಾದಷ್ಟನ್ನು ತಡೆಹಿಡಿಯುತ್ತದೆ. ಹಳೆಯ ಕಾರುಗಳಲ್ಲಿ, ಅದರಲ್ಲಿಯೂ ಕರಾವಳಿಯ ಉಪ್ಪುಗಾಳಿಯಲ್ಲಿ ಬಾಳಿದವುಗಳಲ್ಲಿ, ಉಪ್ಪುಕಾಗದದಿಂದ ಉಜ್ಜಿ ಬಿಗಿದ ಒಂದು ಅರ್ತಿಂಗ್ ಬೋಲ್ಟು ಹೊಸ ಮೋಟಾರಿನ ಬೆಲೆಯನ್ನು ಉಳಿಸಬಲ್ಲದು.

ಇನ್ನು 'ಡೈರೆಕ್ಟ್' ಕೊಡುವ ಪದ್ಧತಿ. ಉಷ್ಣ ಸ್ವಿಚ್ಚನ್ನು ಬದಿಗೊತ್ತಿ, ಇಗ್ನಿಷನ್ ಹಾಕಿದೊಡನೆ ಫ್ಯಾನು ತಿರುಗುವಂತೆ ತಂತಿ ಎಳೆಯುವುದು ದಾರಿಯ ಮೇಲಿನ ಆಪತ್ತಿಗೆ ಒಳ್ಳೆಯ ಉಪಾಯವೇ. ಅದನ್ನೇ ಶಾಶ್ವತವಾಗಿ ಉಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅವಿವೇಕ. ಮೋಟಾರು ಬೇಗ ಸವೆಯುತ್ತದೆ. ಫ್ಯೂಸನ್ನೂ ತಪ್ಪಿಸಿ ಎಳೆದ ತಂತಿ ಬೆಂಕಿಗೆ ಆಹ್ವಾನ ಕೊಡುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ರೇಡಿಯೇಟರು ನಿಧಾನವಾಗಿ ಕಟ್ಟಿಕೊಳ್ಳುತ್ತಿರುವ ಸಂಗತಿಯನ್ನು ಸದಾ ತಿರುಗುವ ಫ್ಯಾನು ಬಹುಕಾಲ ಮರೆಮಾಚುತ್ತದೆ. ಮತ್ತೆ, ಇಂಥ ರಿಪೇರಿಯ ಅವಸರದಲ್ಲಿ ಮೋಟಾರಿನ ಎರಡು ತಂತಿಗಳು ಅದಲುಬದಲಾದರೆ ಫ್ಯಾನು ವಿರುದ್ಧ ದಿಕ್ಕಿಗೆ ತಿರುಗಿ, ಮುಂದಿನಿಂದ ಬರುವ ಗಾಳಿಗೆ ಎದುರಾಗಿ ಊದುತ್ತದೆ. ರೇಡಿಯೇಟರಿನ ಹಿಂದಿರುವ ಫ್ಯಾನು ಗಾಳಿಯನ್ನು ಎಳೆಯಬೇಕು: ಅದು ತಿರುಗುವಾಗ ರೇಡಿಯೇಟರಿನ ಮುಂಭಾಗಕ್ಕೆ ಒಂದು ಹಾಳೆ ಹಿಡಿದರೆ ಅಂಟಿಕೊಳ್ಳಬೇಕು, ಹಾರಿಹೋಗಬಾರದು.

ಅತ್ಯಂತ ಅಪಾಯಕರವಾದ ಸಂದರ್ಭವನ್ನು ಇಲ್ಲಿ ಒತ್ತಿ ಹೇಳಬೇಕು. ಉಷ್ಣ ಸ್ವಿಚ್ಚು ಅಳೆಯುವುದು ನೀರಿನ ಶಾಖವನ್ನು. ಕೊಳವೆ ಒಡೆದು ನೀರು ಸೋರಿಹೋಗಿದ್ದರೆ ಸ್ವಿಚ್ಚಿನ ಮೂತಿ ಬರಿಯ ಗಾಳಿಯಲ್ಲಿ ಉಳಿಯುತ್ತದೆ. ಆಗ ಫ್ಯಾನು ತಿರುಗದೆ ಹೋಗಬಹುದು. ಮಾಪಕದ ಮುಳ್ಳೂ ಏರದೆ ಇರಬಹುದು. ಎಂಜಿನ್ನು ಮಾತ್ರ ಒಳಗೇ ಬೇಯುತ್ತಿರುತ್ತದೆ. ಅಲ್ಯೂಮಿನಿಯಮ್ಮಿನ ಸಿಲಿಂಡರ್ ಹೆಡ್ಡು ಸೊಟ್ಟಗಾಗಲು, ಗ್ಯಾಸ್ಕೆಟ್ಟು ಸುಟ್ಟುಹೋಗಲು ಕೆಲವು ನಿಮಿಷಗಳು ಸಾಕು. ಸುಟ್ಟ ವಾಸನೆ ಬಂದರೆ, ಎಳೆತ ಕುಗ್ಗಿದರೆ, ಮುಳ್ಳು ಏನೇ ಹೇಳಲಿ, ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಬಾರದು. ಅನೇಕ ಮುಚ್ಚಳಗಳ ಮೇಲೆ 0.9 ಎಂಬ ಅಂಕೆಯಿರುತ್ತದೆ. ಅಷ್ಟು ಒತ್ತಡದಲ್ಲಿ ನೀರು ಸುಮಾರು 118 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆಂಬುದನ್ನು ನೆನೆದರೆ, ಮುಚ್ಚಳ ತೆರೆದ ಕ್ಷಣ ಏನಾಗುವುದೆಂದು ಬೇರೆ ಹೇಳಬೇಕಿಲ್ಲ. ಮುಖ, ಕೈ ಸುಟ್ಟುಕೊಂಡವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾದು, ಮೇಲಿನ ಕೊಳವೆ ಕೈಗೆ ತಣ್ಣಗೆ ಹತ್ತಿದ ಮೇಲೆ, ದಪ್ಪ ಬಟ್ಟೆ ಹಿಡಿದು ಮೆಲ್ಲನೆ ತಿರುಗಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯುವ ಭಯವುಂಟು.

ಸುರಿಯುವ ನೀರೂ ವಿಚಾರಕ್ಕೆ ಅರ್ಹ. ಕೊಳವೆ ಬಾವಿಯ ಗಡಸು ನೀರು ಬಚ್ಚಲ ಹಂಡೆಯಲ್ಲಿ ಬಿಳಿಯ ಕಲ್ಲಾಗಿ ಕೂರುವಂತೆಯೇ ರೇಡಿಯೇಟರಿನ ನಳಿಗೆಗಳಲ್ಲಿಯೂ ಕೂರುತ್ತದೆ, ಉಷ್ಣ ಸ್ವಿಚ್ಚಿನ ಮೂತಿಗೂ ಹೊದಿಕೆಯಾಗುತ್ತದೆ. ಶುದ್ಧೀಕರಿಸಿದ ನೀರಿಗೆ ಕೂಲೆಂಟ್ ಬೆರೆಸಿ ತುಂಬುವುದೇ ಯುಕ್ತ. ಕೂಲೆಂಟ್ ಚಳಿ ದೇಶದವರಿಗೆ ಮಾತ್ರ ಬೇಕಾದದ್ದು ಎಂಬ ಮಾತು ಸರಿಯಲ್ಲ. ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ.

ದುರಸ್ತಿ ಮುಗಿದೊಡನೆ ಕಾರನ್ನು ಒಯ್ಯಬಾರದು. ನೀರು ತುಂಬಿಸಿ, ಒಳಗೆ ಸಿಲುಕಿದ ಗಾಳಿ ಹೊರಬಿದ್ದ ಮೇಲೆ ಮುಚ್ಚಳ ಬಿಗಿದು, ಎಂಜಿನ್ನನ್ನು ನಿಂತಲ್ಲೇ ನಡೆಯಗೊಡಬೇಕು. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಫ್ಯಾನು ತಾನಾಗಿ ತಿರುಗತೊಡಗಿ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ನಿಲ್ಲಬೇಕು. ಎರಡನೆಯ ಸಲವೂ ಹಾಗೆಯೇ ಆದರೆ ಬಾನೆಟ್ ಮುಚ್ಚಬಹುದು.