ವಿಶ್ವವಿದ್ಯಾಲಯಗಳೂ ವಿದ್ವತ್ತೂ

‘ಪಂಡಾ’ ಎಂದರೆ ವಿವೇಚಿಸಬಲ್ಲ ಬುದ್ಧಿ, ಅದುಳ್ಳವನು ಪಂಡಿತ. ಈ ಅರ್ಥದಲ್ಲಿ ಪದವಿಯ ಪ್ರಸ್ತಾಪವೇ ಇಲ್ಲ. ವಚನ ಸಾಹಿತ್ಯದ ಸಂಶೋಧನೆಯ ಇತಿಹಾಸವೇ ಇದಕ್ಕೆ ನಿದರ್ಶನ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದವರು. ಯಾವ ವಿಶ್ವವಿದ್ಯಾಲಯದ ಪೀಠವನ್ನೂ ಅಲಂಕರಿಸಿದವರಲ್ಲ. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇದ್ದ ತಾಡವೋಲೆಯ ಕಟ್ಟುಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾದುದೇ 1949ರಲ್ಲಿ. ಅದು 1956ರಲ್ಲಿ ಅವರಿಗೆ ಡಿ.ಲಿಟ್. ನೀಡಿದಾಗ ಗೌರವ ಸಂದದ್ದು ಅವರಿಗೋ ವಿಶ್ವವಿದ್ಯಾಲಯಕ್ಕೋ ಎಂಬುದು ವಿಚಾರಣೀಯ.

ಹಾಗೆಂದ ಮಾತ್ರಕ್ಕೆ ವಿಶ್ವವಿದ್ಯಾಲಯದ ವಿದ್ವತ್ತು ಅನವಶ್ಯಕವೆಂದು ಭಾವಿಸಲಾಗದು. ಸಂಗ್ರಹವಾದ ಮೇಲೆ ಪರಿಷ್ಕರಣವಾಗಬೇಕು. ಶರಣರು ಹನ್ನೆರಡನೆಯ ಶತಮಾನದವರು. ನಮಗೆ ದೊರೆತಿರುವ ಓಲೆಗಳಾದರೋ ಬಹುಮಟ್ಟಿಗೆ ಅವರಿಗಿಂತ ಶತಮಾನಗಳಷ್ಟು ಈಚಿನವು. ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’, ಚೆನ್ನಬಸವಣ್ಣನವರದು ‘ಕೂಡಲಚೆನ್ನಸಂಗಮದೇವ’. ಲಿಪಿಕಾರನ ಕಂಠದಿಂದ ‘ಚೆನ್ನ’ ಎಂಬ ಎರಡಕ್ಷರ ಜಾರಿದರೆ ಸಾಕು, ಅಳಿಯನ ವಚನ ಮಾವನದಾಗುತ್ತದೆ. ಇಂಥಲ್ಲಿ ಹಲವು ಪ್ರತಿಗಳನ್ನು ಎದುರಿಗಿಟ್ಟು, ಭಾಷೆಯ ವಯಸ್ಸನ್ನೂ ಪರಿಭಾಷೆಯನ್ನೂ ಪರೀಕ್ಷಿಸಿ ನಿರ್ಣಯಿಸುವ ಶಿಸ್ತು ಬೇಕು. ಆ ಶಿಸ್ತಿನ ಫಲವೇ 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟ.

ನಿತ್ಯ ಪಠಿಸುವ ವಚನವೊಂದು ‘ಸಂದೇಹಾಸ್ಪದ’ವೆಂದು ಅನುಬಂಧಕ್ಕೆ ಸರಿದಾಗ ಭಕ್ತರ ಮನಸ್ಸು ನೋಯುವುದು ಸಹಜ. ಆದರೆ ಶರಣರು ಆಡಿದ ಮಾತಾವುದು, ಅವರ ಹೆಸರಿನಲ್ಲಿ ಪರರು ಸೇರಿಸಿದುದಾವುದು ಎಂದು ಕೇಳುವುದು ಅಪಚಾರವಲ್ಲ. ಕೇಳದೆ ಬಿಡುವುದೇ ಅಪಚಾರವಾದೀತು!

ಚಿಂತಿಸಬೇಕಾದ ವಿಷಯ ಬೇರೆಯಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಬರಹಗಳಿಗೆ ಅಂಕ ಹಾಕುವ ಪದ್ಧತಿಯನ್ನು ತಂದಿತು. ಅಂಕಗಳ ವಿವರ ಆಮೇಲೆ ಬದಲಾದರೂ ಎಣಿಕೆಯ ಅಭ್ಯಾಸ ಹೋಗಲಿಲ್ಲ. ಒಂದೇ ಗ್ರಂಥದ ಪಾಠನಿರ್ಣಯಕ್ಕೆ ಏಳೆಂಟು ವರ್ಷ ಸವೆಸುವವನು ಈ ಎಣಿಕೆಯಲ್ಲಿ ಹಿಂದುಳಿಯುತ್ತಾನೆ. ವರ್ಷಕ್ಕೆ ನಾಲ್ಕು ಲೇಖನ ಹೊಂದಿಸುವವನು ಮುಂದೆ ಸಾಗುತ್ತಾನೆ. ತರುಣ ಸಂಶೋಧಕರು ಓಲೆಗರಿಗಳತ್ತ ಸುಳಿಯಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ. ಹಳೆಯ ಬರಹವನ್ನು ಸರಾಗವಾಗಿ ಓದಬಲ್ಲವರು ಈಗಾಗಲೇ ವಿರಳ. ಮಠಗಳ ಭಂಡಾರಗಳಲ್ಲಿ ಕಟ್ಟು ಬಿಚ್ಚದ ಓಲೆಗಳು ಇನ್ನೂ ಉಳಿದಿವೆ. ಹುಳುಗಳು ಮಾತ್ರ ಅವುಗಳನ್ನು ಕ್ರಮವಾಗಿ ಅಧ್ಯಯನ ಮಾಡುತ್ತಿವೆ.